ಉಸಿರಾಡದ ಗೋಡೆ

ಅಕ್ಕ ಲೆಯಿಮೋಮಿ ಕಲ್ಲುಗೋಡೆಗೆ ಕಿವಿಯಿಟ್ಟ ಕೂಡಲೇ ತಮ್ಮ ಕೈಪೋ ಒಂದು ಹೆಜ್ಜೆ ಹಿಂದೆ ಸರಿದ. ಕಣ್ಣು ಮಂಜಾದ ಮೇಲೆ ಅವಳು ಎಲ್ಲವನ್ನೂ ಕಿವಿಯಿಂದಲೇ ನೋಡುತ್ತಾಳೆ. ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ.

ಕೋನಾ ಕಡಲಿಗೂ ಮೀನುಕೊಳಕ್ಕೂ ನಡುವೆ ಅಜ್ಜ, ಅಪ್ಪ ಕಟ್ಟಿ ಕಾಯ್ದ ಗೋಡೆ ಅದು. ಈಗ ಅದು ಸರ್ಕಾರಿ ಉದ್ಯಾನದ ಜಾಗ, ಉದ್ಯಾನದವರ ಸಂಬಳಕ್ಕೆ ಕೈಪೋ ಕಾಯುತ್ತಾನೆ. ಮೂರು ವರ್ಷದ ಹಿಂದೆ ಅಲೆಯೊಂದು ಇಪ್ಪತ್ತಡಿ ಗೋಡೆ ಒಯ್ದು ಕೊಳದ ಮೀನೆಲ್ಲ ಖಾಲಿಯಾಗಿತ್ತು. ಮತ್ತೆ ಕಟ್ಟಿದ, ಮತ್ತೆ ಮೀನು ಬೆಳೆಸಿದ. ಮುಂದಿನ ತಿಂಗಳು ಊರಿಗೆಲ್ಲ ಹಂಚುವುದಿತ್ತು. ಮೊದಲ ಮೀನು ಅಕ್ಕನಿಗೆ. ಇವತ್ತು ಮಧ್ಯಾಹ್ನ ದೊಡ್ಡ ಅಲೆ ಬರುತ್ತದೆಂದು ಬೆಳಗ್ಗೆಯೇ ಜನರನ್ನೆಲ್ಲ ಹೊರಗೆ ಕಳಿಸಿದ್ದರು. ಅಕ್ಕ ಮಾತ್ರ ಅಪ್ಪನ ಗೋಡೆ ಮುಟ್ಟಿಯೇ ಹೋಗುವೆನೆಂದು ಹಟ ಹಿಡಿದು ಬಂದಿದ್ದಳು.

“ಇಲ್ಲಿ ಕಲ್ಲುಸಂದೀಲಿ ನೀರು ಗುಳುಗುಳು ಅನ್ನಲ್ವಲ್ಲೋ. ಏನ್ ತುಂಬಿದ್ದೀಯ?”

“ಸಣ್ಣ ಕಲ್ಲು.”

“ಸಂದಿಗಾ?”

“ಇಪ್ಪತ್ತಡಿಗೂ. ಮತ್ತೆ ಬಿದ್ರೆ ಏನ್ ಮಾಡ್ಲಿ? ಭಯ ಆಯ್ತಕ್ಕ.”

“ದಡ್ಡ ಮುಂಡೇದೆ. ಅಪ್ಪ ಒಂದ್ ಚಿಟಿಕೆ ಮಣ್ಣಾದ್ರೂ ಹಾಕಿದ್ನಾ? ನೀರು ಹೋಗಿ ಬಂದ್ರೆ ಗೋಡೆ ನಿಲ್ಲುತ್ತೆ. ದಾರಿ ಮುಚ್ಚಿದ್ರೆ ಕಡಲು ಗುದ್ದದೆ ಇನ್ನೇನ್ ಮಾಡುತ್ತೆ? ಕೀಳು. ಅಳೋದು ಆಮೇಲೆ.”

ಅವನು ಸಲಾಕೆ ಹಾಕಿ ಕಿತ್ತ. ಕಿತ್ತ ಕಲ್ಲಿಗೆ ಅವಳು ಮಡಿಲೊಡ್ಡಿ ಕೂತಳು. ಒಂದೊಂದಾಗಿ ಬಡಿದು ಕೂರಿಸಿದ ಕಲ್ಲುಗಳು, ಬರಲೊಲ್ಲವು. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ ಕೈಗಳನ್ನು ಅವನು ಶಪಿಸಿಕೊಂಡ. ಉಗುರು ಕಿತ್ತು ರಕ್ತ ಬಂತು. ಸಂದಿಗಳಲ್ಲಿ ನೀರಾಡಿ ಹತ್ತಡಿ ಗೋಡೆ ಉಸಿರಾಡತೊಡಗಿತು.

“ಇನ್ನೆಷ್ಟು?”

“ಹತ್ತಡಿ.”

“ಹೊತ್ತಿದೆಯಾ?”

ಅವನು ಕಡಲ ಕಡೆ ನೋಡಿದ. ಅಕ್ಕನನ್ನು ಎತ್ತಿಕೊಂಡು ಓಡಿದ. ಎತ್ತರದ ಬಂಡೆಯ ಮೇಲೆ ಕೂರಿಸಿ ತಿರುಗುವಷ್ಟರಲ್ಲಿ ಅಲೆ ಬಂದೇಬಿಟ್ಟಿತು.

ಸಂದಿ ಬಿಡಿಸಿದ ಹತ್ತಡಿ ಗೋಡೆ ನೀರು ಕುಡಿದು, ಉಗುಳಿ, ನಿಂತಿತು. ಪಕ್ಕದ ಹತ್ತಡಿ ಇಡಿಯಾಗಿ ಕೊಳದೊಳಗೆ ಮಗುಚಿತು.

ಹಿಂದಿರುಗುವ ನೀರಿನೊಂದಿಗೆ ಮೀನುಗಳು ಹೊರಟವು. ಕೊಳದ ಜಾಲರಿ ಬಾಗಿಲಲ್ಲಿ ಬೆರಳುದ್ದವಿದ್ದಾಗ ನುಸುಳಿ ಬಂದು, ತಿಂದು ಕೊಬ್ಬಿ, ಅದೇ ಜಾಲರಿಯಲ್ಲಿ ಹಿಡಿಸದಷ್ಟು ದಪ್ಪಗಾದ ಮೀನುಗಳು. ಕೈಪೋ ಓಡಿಹೋಗಿ ಒಡೆದ ಜಾಗದಲ್ಲಿ, ಎದೆಮಟ್ಟದ ನೀರಿನಲ್ಲಿ, ಕೈಕಾಲು ಅಗಲಿಸಿ ನಿಂತ. ಅವು ಅವನ ತೊಡೆಗೆ, ಕಂಕುಳಿಗೆ ತಾಕುತ್ತ ಹೋದವು. ಒಂದನ್ನು ತಬ್ಬಿ ಹಿಡಿದ. ಅದೂ ಜಾರಿತು.

“ಏನಾಯ್ತೋ? ಅಲೆ ಸದ್ದಿಗೆ ಏನೂ ಕೇಳ್ತಿಲ್ಲ,” ಅಕ್ಕ ಕೂಗಿದಳು. ಮಡಿಲಿನ ಕಲ್ಲುಗಳನ್ನು ಅವಳಿನ್ನೂ ಬಿಟ್ಟಿರಲಿಲ್ಲ.

“ಗೋಡೆ ನಿಂತಿದೆಯಕ್ಕ.”

ಅವಳು ಮಡಿಲಿನ ಕಲ್ಲೊಂದನ್ನು ಬೆರಳಲ್ಲಿ ತಿರುಗಿಸಿದಳು.

“ಯಾವ ಅರ್ಧ?”