ಬಿಳಿ ಕಾರಿನ ನೆಗ್ಗು

"ಏಯ್ ಬೋಳಿಮಗನೆ, ಕಾರು ಮುಟ್ಟೋಕೆ ಮುಂಚೆ ಕೈ ತೊಳ್ಕೋ! ನಿಮ್ಮನೆ ಎಮ್ಮೆ ಅಂದ್ಕೊಂಡ್ಯಾ?"

ಬೆಳಗಿನ ಏಳು ಗಂಟೆಗೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಬೈದವನು ಯಾರೋ ಕಂಟ್ರಾಕ್ಟರ್. ಏನು ಕಂಟ್ರಾಕ್ಟೋ ಆಗ ನನಗೆ ತಿಳಿಯದು. ಹೊಟ್ಟೆಯ ಗಾತ್ರ ನೋಡಿದರೆ ಇಡೀ ಭೂಮಂಡಲವನ್ನೇ ಗುತ್ತಿಗೆ ಹಿಡಿದಂತಿತ್ತು. ನಾನು ಕೈ ತೊಳೆಯಲಿಲ್ಲ. ಈ ಕೈ ತೊಳೆದ ನೀರು ಚೆಲ್ಲಿದರೆ ತುಕ್ಕು ಹಿಡಿದ ತಗಡೂ ಹೊಳೆಯುತ್ತದೆ, ಅದನ್ನು ಸುಮ್ಮನೆ ದಂಡ ಮಾಡುವುದೇಕೆ?

ನನ್ನ ವಿಷಯ ಹೇಳಿಬಿಡುತ್ತೇನೆ, ನಾನೇ ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳುತ್ತಾರೆ. ಗುದ್ದಿಸಿಕೊಂಡು ಬಂದ ಗಾಡಿಗಳ ನೆಗ್ಗು ತೆಗೆಯುವುದು ನನ್ನ ಕಸುಬು. ಒಮ್ಮೆ ಆನೆ ತುಳಿದ ಕಾರೊಂದು ಬಂದಿತ್ತು, ಕಾಗದದ ಉಂಡೆಯ ಹಾಗೆ ಮುದುಡಿಕೊಂಡು. ಊಟದ ಹೊತ್ತಿಗೆ ನೆಟ್ಟಗೆ ಮಾಡಿ ಕಳಿಸಿದೆ. ಸಂಜೆ ಆನೆಯೇ ಬಂದು ಕ್ಷಮೆ ಕೇಳಿಕೊಂಡು ಹೋಯಿತು. ಶೆಡ್ಡಿನಲ್ಲಿ ನನ್ನನ್ನು 'ಬೊಗಳೆ' ಅನ್ನುತ್ತಾರೆ. ಹೊಟ್ಟೆಕಿಚ್ಚು. ನನ್ನಕ್ಕನೂ ಹಾಗೇ ಕರೆಯುತ್ತಿದ್ದಳು, ಅವಳದು ಹೊಟ್ಟೆಕಿಚ್ಚಲ್ಲ.

ಬಿಳಿ ಕಾರು. ಮೂತಿಯ ಎಡಭಾಗ ಒಳಕ್ಕೆ ಹೋಗಿತ್ತು.

"ಏನಾಯ್ತು ಸಾರ್?"

"ನಾಯಿ. ಅಡ್ಡ ಬಂತು."

ನಾಯಿಗೆ ಗುದ್ದಿದರೆ ನೆಗ್ಗು ಬಂಪರಿನಲ್ಲೇ ಮುಗಿಯುತ್ತದೆ. ಇದು ಬಂಪರಿನಿಂದ ಬಾನೆಟ್ಟಿನ ಅಂಚು ಹತ್ತಿ, ಅಲ್ಲಿ ಒಂದು ಗೇಣು ಅಗಲಕ್ಕೆ ಕುಸಿದು, ಮುಂದಿನ ಗಾಜಿನ ಹತ್ತಿರ ಬಟ್ಟಲಿನಷ್ಟು ಗುಂಡಗೆ ನಿಂತಿತ್ತು. ಪಕ್ಕದಲ್ಲಿ ಬಣ್ಣದ ಮೇಲೊಂದು ಬಾಗಿದ ಗೀರು, ಚಂದ್ರನ ಚೂರಿನ ಹಾಗೆ.

"ನಾಯಿ ಎರಡು ಕಾಲಲ್ಲಿ ನಡೀತಿತ್ತಾ ಸಾರ್?" ಅಂದೆ.

ಇಡೀ ಶೆಡ್ಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಶೆಡ್ಡಿನ ಯಜಮಾನ ಹಿಂದಿನಿಂದ ಬಂದು ತಲೆಗೆ ಮೊಟಕಿದ. "ಅಧಿಕಪ್ರಸಂಗ ಸಾಕು. ಸುತ್ತಿಗೆ ತಗೋ."

ನನ್ನ ಬಾಯಿ ಕೇಳಬೇಕಲ್ಲ. "ಇನ್ಶೂರೆನ್ಸಲ್ಲಿ ಹಾಕಿದ್ರೆ ಕಂಪನಿಯೋರೇ ಮಾಡಿಸಿಕೊಡ್ತಿದ್ರಲ್ಲ ಸಾರ್. ಈ ಗಲ್ಲಿ ಹುಡುಕ್ಕೊಂಡು ಯಾಕೆ ಬಂದ್ರಿ?"

"ಅದು ಮುಗ್ದು ಎಂಟು ತಿಂಗಳಾಯ್ತು. ನಿಮ್ಮಪ್ಪ ಕಟ್ತಾನಾ? ಸಂಜೆಯೊಳಗೆ ಮುಗಿಸು. ಗುರುತು ಇರಬಾರದು."

ಇನ್ಶೂರೆನ್ಸ್ ಇರುವ ಕಾರಾದರೆ ಕಂಪನಿಯವನು ಬಂದು ನಾಲ್ಕು ಕಡೆಯಿಂದ ಫೋಟೋ ಹಿಡಿದ ಮೇಲೇ ನಾವು ಕೈಹಚ್ಚಬೇಕು. ಇಲ್ಲದ ಕಾರಿಗೆ ಆ ರಗಳೆಯಿಲ್ಲ. ಅದರ ನೆಗ್ಗು ನೋಡುವುದು ಗುದ್ದಿದವನು ಮತ್ತು ನಾನು. ಶೆಡ್ಡಿನ ಹುಡುಗರು ನೋಡಿದರೂ ನೋಡಿದ ಹಾಗಲ್ಲ. ಅದು ಯಾರ ನೆಗ್ಗು ಎಂದು ಕೇಳುವ ಪದ್ಧತಿ ನಮ್ಮ ಕಸುಬಿನಲ್ಲಿಲ್ಲ.

ಮೂತಿಯ ಜಾಲರಿಯಲ್ಲಿ ಪೊರಕೆಯ ಏಳೆಂಟು ಕಡ್ಡಿಗಳು ಸಿಕ್ಕಿಕೊಂಡಿದ್ದವು. ಕಿತ್ತೆಸೆದೆ. ಒಂದನ್ನು ಮಾತ್ರ ಮುರಿದು ಇಟ್ಟುಕೊಂಡು, ಊಟವಾದ ಮೇಲೆ ಹಲ್ಲು ಚುಚ್ಚಿಕೊಂಡು, ಅಂಗಿಯ ಜೇಬಿಗೆ ಹಾಕಿದೆ. ಗಟ್ಟಿ ಕಡ್ಡಿ.

ಸೋಮಾರಿಗಳು ನೆಗ್ಗನ್ನು ಅರ್ಧ ಎತ್ತಿ, ಉಳಿದ ತಗ್ಗಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆಯುತ್ತಾರೆ. ಬೆರಳಿನಿಂದ ತಟ್ಟಿ ನೋಡಿ, ಪುಟ್ಟಿ ಇದ್ದ ಕಡೆ ಸತ್ತ ಸದ್ದು ಬರುತ್ತದೆ, ಗುಟ್ಟು ರಟ್ಟಾಗುತ್ತದೆ. ನಾನು ಪುಟ್ಟಿ ಮುಟ್ಟುವವನಲ್ಲ. ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಆನಿಸಿ, ಮುಂದಿನಿಂದ ಸುತ್ತಿಗೆಯಲ್ಲಿ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತೇನೆ, ತಗಡಿಗೆ ತನ್ನ ಹಳೆಯ ಆಕಾರ ನೆನಪಾಗುವವರೆಗೆ. ಅವತ್ತು ಮೂರು ದಿನದ ಕೆಲಸವನ್ನು ಒಂದೇ ದಿನದಲ್ಲಿ ಮಾಡಿದೆ. ಬಣ್ಣವೂ ನಾನೇ. ಆ ಚಂದ್ರನ ಚೂರನ್ನು ಉಜ್ಜಿ ಅಳಿಸುವಾಗಲಂತೂ ಸಿಳ್ಳೆ ಹಾಕುತ್ತಿದ್ದೆ.

ಸಂಜೆ ಕಂಟ್ರಾಕ್ಟರ್ ಬಾನೆಟ್ಟಿನ ಮೇಲೆ ಅಂಗೈ ಆಡಿಸಿದ. ತಟ್ಟಿದ. ಬಗ್ಗಿ ನೋಡಿದ. "ಎಲ್ಲಿತ್ತೋ ಅದು?"

"ಈ ಕಾರು ಮಾಡಿದ ಕಂಪನಿ ಯಜಮಾನನೇ ಭೂತಗನ್ನಡಿ ಹಿಡ್ಕೊಂಡು ಬರ್ಲಿ ಸಾರ್. ಕಂಡುಹಿಡಿದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ!"

ಕಾರು ಗಲ್ಲಿಯ ತಿರುವು ದಾಟಿದ ಮೇಲೆ ಯಜಮಾನ ಕೈ ಒರೆಸಿಕೊಳ್ಳುತ್ತ ಬಂದ.

"ನಿಮ್ಮಕ್ಕ ಆಸ್ಪತ್ರೇಲಿದ್ದಾಳಂತೆ ಕಣೋ. ಯಾರೋ ಬಂದು ಹೇಳಿ ಹೋದ್ರು."

"ಯಾವಾಗ?"

"ಹತ್ತು ಗಂಟೇಲಿ."

"ಹತ್ತು ಗಂಟೇಲಿ ಹೇಳಿದ್ದನ್ನ ಈಗ ಹೇಳ್ತೀಯೇನೋ, ಸೂಳೆಮಗನೆ?"

"ಆಗ್ಲೇ ಹೇಳಿದ್ರೆ ಸುತ್ತಿಗೆ ಕೆಳಗಿಡ್ತಿದ್ದೆ. ಸಂಜೆಯೊಳಗೆ ಆಗ್ಬೇಕಿತ್ತಲ್ಲ" ಅಂದ. ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಕೋಪವೂ ಇರಲಿಲ್ಲ.

ಉಪಕರಣದ ಚೀಲ ಹೆಗಲಲ್ಲಿದ್ದ ಹಾಗೇ ಓಡಿದೆ.

ಅಕ್ಕ ಬೀದಿ ಗುಡಿಸುವವಳು. ನನಗೆ ಐದು ವರ್ಷವಾಗಿದ್ದಾಗ ಪೊರಕೆ ಹಿಡಿದಳು. ನನ್ನ ಅನ್ನ, ಅಂಗಿ, ಮೊದಲ ಸುತ್ತಿಗೆ ಎಲ್ಲವೂ ಆ ಪೊರಕೆಯಿಂದಲೇ ಬಂದದ್ದು. ಆಸ್ಪತ್ರೆಯಲ್ಲಿ ಅವಳಿಗೆ ಕೋಣೆ ಸಿಕ್ಕಿರಲಿಲ್ಲ. ಕಾರಿಡಾರಿನಲ್ಲಿ, ಚಕ್ರದ ಮಂಚದ ಮೇಲೆ ಮಲಗಿಸಿದ್ದರು. ಸೊಂಟದಿಂದ ಕೆಳಗೆ ಹೊದಿಕೆ ಅಲುಗುತ್ತಿರಲಿಲ್ಲ. ಎಡಗೈಯ ಹಿತ್ತಾಳೆ ಬಳೆ ಬಾಗಿ ಮಣಿಕಟ್ಟಿಗೆ ಕಚ್ಚಿಕೊಂಡಿತ್ತು.

ಆ ಬಾಗು ನೋಡಿದೆ. ಅದನ್ನು ನಾನು ಬೆಳಗಿನಿಂದ ನೋಡಿದ್ದೆ. ಸಿಳ್ಳೆ ಹಾಕುತ್ತ ಉಜ್ಜಿದ್ದೆ.

"ಬಂದ್ಯಾ?" ಅಂದಳು. "ಹಾಜರಿ ತಗೊಳ್ಳೋಕೆ ಬರ್ತಾನಲ್ಲ, ನಮ್ಮ ಕಂಟ್ರಾಕ್ಟರ್, ಅವನ ಬಿಳಿ ಕಾರು ಕಣೋ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನಾನು ಗುಡಿಸೋ ಬೀದೀಲಿ ನಾನೊಬ್ಬಳೇ. ಗುದ್ದಿ, ಇಳ್ದು ನೋಡಿದ. ಪೊರಕೇನ ಕಾಲಲ್ಲಿ ಪಕ್ಕಕ್ಕೆ ಸರಿಸಿ ಹೊರಟೋದ."

ನಾನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ.

"ಅಳ್ಬೇಡ. ಆ ಕಾರಿನ ಮೂತಿ ಚಪ್ಪಟೆಯಾಗಿರುತ್ತೆ. ಅದನ್ನ ತೋರ್ಸಿದ್ರೆ ಸಾಕು, ಯಾರು ಬೇಕಾದ್ರೂ ನಂಬ್ತಾರೆ. ನಾನು ಎಚ್ಚರ ತಪ್ಪಿ ಬಿದ್ದೆ ಅಂತ ಮಾತ್ರ ಬರೆಸ್ಬೇಡ್ವೋ. ಇಪ್ಪತ್ತೆರಡು ವರ್ಷ ಗುಡಿಸಿದ್ದೀನಿ, ಒಂದಿನ ಬಿದ್ದಿಲ್ಲ."

"ಹೂಂ ಅಕ್ಕ."

"ಇವತ್ತು ಏನು ಕೆಲಸ ಮಾಡ್ದೆ?"

ದಿನಾ ಕೇಳುವ ಪ್ರಶ್ನೆ. ದಿನಾ ನಾನು ಒಂದು ಗಂಟೆ ಕೊಚ್ಚಿಕೊಳ್ಳುತ್ತಿದ್ದೆ.

"ಏನಿಲ್ಲಕ್ಕ."

"ಅಯ್ಯೋ, ನನ್ನ ತಮ್ಮ ಬೊಗಳೆ ಬಿಡ್ತಿಲ್ಲ ಅಂದ್ರೆ ನಾನು ಸಾಯೋದು ಗ್ಯಾರಂಟಿ."

ಅದಕ್ಕೇ ಶುರು ಮಾಡಿದೆ. ಇವತ್ತು ಎರಡು ಆನೆ ತುಳಿದ ಬಸ್ಸು ಬಂದಿತ್ತಕ್ಕ, ಊದಿದೆ ಅಷ್ಟೇ, ಬಸ್ಸು ಉಬ್ಬಿ ನಿಂತಿತು, ಒಳಗಿದ್ದ ಜನ ಟಿಕೆಟ್ ಕೇಳಿದರು. ಅವಳು ನಕ್ಕಳು. ನಕ್ಕಾಗ ನೋವಾಗಿ ನನ್ನ ಬೆರಳು ಹಿಡಿದಳು. ಬೆಳಗಾಗುವ ಹೊತ್ತಿಗೆ ಬೆರಳು ಬಿಟ್ಟಳು.

ಠಾಣೆಗೆ ಹೋದಾಗ ದೂರು ಬರೆದುಕೊಳ್ಳುವ ರೈಟರ್ ಆಗಲೇ ಬರೆದು ಮುಗಿಸಿದ್ದ. ಎದುರಿನ ಕುರ್ಚಿಯಲ್ಲಿ ಕಂಟ್ರಾಕ್ಟರ್ ಟೀ ಕುಡಿಯುತ್ತಿದ್ದ. ರೈಟರ್ ನನಗಾಗಿ ಓದಿದ: "ಬೆಳಿಗ್ಗೆ ಏನೂ ತಿನ್ನದೆ ಕೆಲಸಕ್ಕೆ ಬಂದಿದ್ದು, ತಲೆ ಸುತ್ತಿ, ಮೋರಿಯ ಕಲ್ಲಿನ ಮೇಲೆ ತಾನಾಗಿಯೇ ಬಿದ್ದಿರುತ್ತಾಳೆ."

"ತಾನಾಗಿ ಬಿದ್ದಿಲ್ಲ ಸಾರ್. ಇವನ ಕಾರು ಗುದ್ದಿದ್ದು. ಅಂಗಳದಲ್ಲಿ ನಿಂತಿದೆಯಲ್ಲ, ಅದೇ."

"ಗುದ್ದಿದ ಗುರುತು ಎಲ್ಲಯ್ಯ?"

"ನಾನೇ ತೆಗ್ದೆ. ನಿನ್ನೆ."

ರೈಟರ್ ಕಂಟ್ರಾಕ್ಟರನ ಮುಖ ನೋಡಿದ. ಎದ್ದು ಅಂಗಳಕ್ಕೆ ಬಂದ. ಬಾನೆಟ್ಟಿನ ಮೇಲೆ ಕೈಯಾಡಿಸಿದ, ಬೆರಳು ಮಡಚಿ ಅಲ್ಲಲ್ಲಿ ತಟ್ಟಿದ. ಎಲ್ಲ ಕಡೆಯೂ ಒಂದೇ ಸದ್ದು, ಗಂಟೆಯ ಹಾಗೆ.

"ಮಗು ಕೆನ್ನೆ ಇದ್ದ ಹಾಗಿದೆ. ಪುಟ್ಟಿನೂ ಇಲ್ವಲ್ಲೋ!"

"ನಾನು ಪುಟ್ಟಿ ಹಚ್ಚಲ್ಲ ಸಾರ್" ಅಂದೆ. ಈ ಮಾತನ್ನು ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಹೇಳಿದೆ.

ಕಂಟ್ರಾಕ್ಟರ್ ಹೊಟ್ಟೆ ಕುಣಿಸಿ ನಕ್ಕ. "ಇವನಿಗೆ ಬೊಗಳೆ ಅಂತಾನೇ ಹೆಸರು ಸಾರ್. ಆನೆ ಬಂದು ಇವನ ಹತ್ರ ಕ್ಷಮೆ ಕೇಳಿತ್ತಂತೆ. ಶೆಡ್ಡಿನವನನ್ನೇ ಕೇಳಿ."

ಕೇಳಿದರು. ಫೋನಿನಲ್ಲಿ ನನ್ನ ಯಜಮಾನನ ದನಿ ನನಗೂ ಕೇಳಿಸಿತು. "ಬಿಳಿ ಕಾರಾ? ನಮ್ಮಲ್ಲಿಗೆ ಬಂದೇ ಇಲ್ಲ ಸ್ವಾಮಿ. ಅವನ ಮಾತು ಯಾರು ನಂಬ್ತಾರೆ?"

"ಅದಕ್ಕೆ ಇನ್ಶೂರೆನ್ಸ್ ಇಲ್ಲ ಸಾರ್, ಅದಕ್ಕೇ ಮುಚ್ಚಿಡ್ತಿದ್ದಾನೆ. ಕೇಸಾದ್ರೆ ಪರಿಹಾರ ಕೈಯಿಂದ ಕಟ್ಬೇಕು. ಕಾಗದ ಕೇಳಿ ನೋಡಿ!"

"ಗುದ್ದೇ ಇಲ್ಲದ ಕಾರಿಗೆ ಕಾಗದ ಯಾಕಯ್ಯ?" ಅಂದ ರೈಟರ್. "ಹೋಗು. ಹೆಣ ಬಿಡಿಸ್ಕೊಂಡು ಮುಂದಿನ ಕೆಲಸ ನೋಡು."

ಕಂಟ್ರಾಕ್ಟರ್ ನನ್ನ ಪಕ್ಕದಲ್ಲೇ ಠಾಣೆಯೊಳಕ್ಕೆ ಹಾದುಹೋಗುತ್ತ ಬಗ್ಗಿ ಹೇಳಿದ: "ನಿನ್ನ ಮೀಸೆ ಉಳೀತು ಬಿಡೋ."

ಚೀಲ ನಿನ್ನೆಯಿಂದ ಹೆಗಲಲ್ಲೇ ಇತ್ತು. ಸುತ್ತಿಗೆ ತೆಗೆದೆ.

ಮೊದಲು ಬಂಪರ್. ಅದು ಮೊಣಕಾಲು. ಆಮೇಲೆ ಬಾನೆಟ್ಟಿನ ಅಂಚು, ಒಂದು ಗೇಣು, ಎಡಕ್ಕೆ ಸ್ವಲ್ಪ ಆಳ. ಅದು ಸೊಂಟ, ನಾನು ಚಿಕ್ಕವನಿದ್ದಾಗ ನನ್ನನ್ನು ಕೂರಿಸಿಕೊಂಡು ಓಡಾಡಿದ್ದು ಅದರ ಮೇಲೇ. ಗಾಜಿನ ಹತ್ತಿರದ ಗುಂಡನೆಯ ತಗ್ಗಿಗೆ ಸುತ್ತಿಗೆ ಎತ್ತಿದವನು ಒಂದು ಗಳಿಗೆ ನಿಂತೆ. ಆಮೇಲೆ ಹೊಡೆದೆ. ಕೊನೆಗೆ ಉಳಿಯ ತುದಿಯಿಂದ ಬಾಗಿದ ಗೀರು ಎಳೆದೆ. ಇಪ್ಪತ್ತು ಜನ ಬಂದು ನನ್ನನ್ನು ಹಿಡಿದರು ಅಂತ ಹೇಳಬಹುದಿತ್ತು. ಇಬ್ಬರೇ ಪೇದೆಗಳು. ಅವರು ಬಾಗಿಲಲ್ಲಿ ಬಾಯಿಬಿಟ್ಟು ನಿಂತು, ಓಡಿಬಂದು ತೋಳು ತಿರುಚುವ ಹೊತ್ತಿಗೆ ಕೆಲಸ ಮುಗಿದಿತ್ತು. ಒಂದು ನೂಲು ಆಚೀಚೆ ಇಲ್ಲ. ಇದೊಂದು ಮಾತಿನಲ್ಲಿ ಬೊಗಳೆಯಿಲ್ಲ.

ಬಿಡಿಸಿಕೊಂಡ ಒಂದು ಕೈಯಿಂದ ಜೇಬಿನ ಪೊರಕೆಕಡ್ಡಿ ತೆಗೆದು ಜಾಲರಿಗೆ ಸಿಕ್ಕಿಸಿದೆ. ಅದರ ತುದಿ ನನ್ನ ಹಲ್ಲಿಗೆ ಸಿಕ್ಕಿ ನುಜ್ಜಾಗಿತ್ತು.

ಕಂಟ್ರಾಕ್ಟರ್ ಬೈಯುತ್ತ ಓಡಿಬಂದ. "ನಿನ್ನಮ್ಮನ್..." ಅಂದವನು ಬಾನೆಟ್ಟು ಕಂಡು ಅಲ್ಲೇ ನಿಂತ. ಆ ಅಂಗಳದಲ್ಲಿ ಆ ನೆಗ್ಗನ್ನು ಮೊದಲೇ ನೋಡಿದ್ದವರು ಇಬ್ಬರೇ. ಅವನು ಕೈ ಮುಂದೆ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಕಡ್ಡಿಯ ಕಡೆ ನೋಡಲೇ ಇಲ್ಲ.

"ಕಾರು ಹಾಳು ಮಾಡಿದ ಕೇಸು" ಅಂದ ರೈಟರ್. ಹೊಸ ಹಾಳೆ ತೆಗೆದು, ಕಾರಿನ ಮುಂದೆ ಬಗ್ಗಿ, ಟೇಪು ಹಿಡಿದು ಅಳೆಯತೊಡಗಿದ. ಪೇದೆಗಳ ಕೈಯಲ್ಲಿ ಸಿಕ್ಕಿಕೊಂಡೇ ನಾನು ಹೇಳಿದೆ.

"ಮೊಣಕಾಲು ಸಾರ್."

"ಬಂಪರ್, ಎಡಭಾಗ" ಎಂದು ಬರೆದ.

"ಸೊಂಟ."

"ಬಾನೆಟ್, ಒಂದು ಗೇಣು."

"ತಲೆ."

ಅವನು ಅದನ್ನೂ ಅಳೆದ, ಬರೆದ. ಬೆರಳು ಗೀರಿನ ಮೇಲೆ ಬಂದು ನಿಂತಿತು. "ಇದೇನಯ್ಯ ಇದು, ಸುತ್ತಿಗೇದಲ್ಲ?"

"ಬಳೆ ಸಾರ್. ಹಿತ್ತಾಳೇದು. ಆಸ್ಪತ್ರೇಲಿ ಇನ್ನೂ ಅವಳ ಕೈಯಲ್ಲೇ ಇದೆ. ತಂದು ಇಟ್ಟು ನೋಡಿ."

"ಗೀರು ಅಂತ ಬರೀರಿ ಸಾಕು" ಅಂದ ಕಂಟ್ರಾಕ್ಟರ್.

"ಬಳೆ ಅಂತ ಬರೀರಿ" ಅಂದೆ.

ರೈಟರ್ ಅವನನ್ನು ನೋಡಿದ, ನನ್ನನ್ನು ನೋಡಿದ. ಪೆನ್ನಿನ ತುದಿ ಹಾಳೆಯ ಮೇಲೆ ಊರಿದ ಹಾಗೇ ಇತ್ತು. ಶಾಯಿ ಅಲ್ಲೇ ಸುತ್ತ ಹರಡುತ್ತಿತ್ತು.