ಕದ್ದು ತಿನ್ನುವವಳು

ಪದ್ಮಶ್ರೀ ಕದ್ದು ತಿನ್ನುತ್ತಾಳೆ ಎಂಬ ಮಾತು ಮೊದಲು ಹುಟ್ಟಿದ್ದು ಅವಳ ಮನೆಯ ಜಗಲಿಯಲ್ಲೇ. ಹುಟ್ಟಿಸಿದವರು ಅವಳ ಅತ್ತೆ ಸುನಂದಮ್ಮ. ಪಕ್ಕದ ಮನೆಯವಳ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವರು, ಸೊಸೆ ಸ್ನಾನಕ್ಕೆ ಹೋಗಿದ್ದಾಳೆ, ಕೇಳಿಸುವುದಿಲ್ಲ ಎಂದುಕೊಂಡು ಬಾಯಿ ಬಿಟ್ಟರು.

"ನಮ್ ಮುಂದೆ ಗುಬ್ಬಚ್ಚಿ ಅಂಗೆ ತಿಂತಾಳೆ ಕಣವ್ವ. ಅರ್ಧ ಮುದ್ದೆ, ಒಂದ್ ಸೌಟು ಸಾರು. ಮೈ ನೋಡುದ್ರೆ ಅಂಗಿಲ್ಲ. ಇಸ್ಕೂಲ್ ತಾವ ಏನ್ ತಿಂತಾಳೋ, ಯಾರ್ ಕಂಡವ್ರೆ."

ಬಚ್ಚಲಿನಲ್ಲಿ ಪದ್ಮಶ್ರೀಗೆ ಒಂದೊಂದು ಅಕ್ಷರವೂ ಕೇಳಿಸಿತು. ಚೊಂಬನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಮೈ ಒರೆಸಿಕೊಳ್ಳುವಾಗ ಹೊಟ್ಟೆಯ ಮೇಲೆ ಎದ್ದಿದ್ದ ನೇರಳೆ ಬರೆಗಳ ಕಡೆ ನೋಡದೆ ಸೀರೆ ಸುತ್ತಿಕೊಂಡಳು.

ಅವಳು ಪಿರಿಯಾಪಟ್ಟಣದ ಹತ್ತಿರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾನಿಲಯದ ಕಬಡ್ಡಿ ತಂಡದಲ್ಲಿ ರೈಡರ್ ಆಗಿದ್ದವಳು. ಎದುರಾಳಿಗಳು ಕಾಲಿಗೆ ಕೈ ಹಾಕುವಷ್ಟರಲ್ಲಿ ಗೆರೆ ಮುಟ್ಟಿ ನಿಂತಿರುತ್ತಿದ್ದಳು. ಒಂದು ಪಂದ್ಯದಲ್ಲಿ ಬಲಮಂಡಿ ತಿರುಚಿಕೊಂಡಿತು. ಅಲ್ಲಿಗೆ ಆಟ ಮುಗಿದರೂ ನೋವು ಮುಗಿಯಲಿಲ್ಲ. ಮದುವೆಯಾಗಿ, ಕೆಲಸಕ್ಕೆ ಸೇರಿ, ಮಕ್ಕಳನ್ನು ಓಡಿಸಲು ಹೋದಾಗಲೆಲ್ಲ ಮಂಡಿ ಊದುತ್ತಿತ್ತು.

ಆಗ ಅವಳ ನೆರವಿಗೆ ಬಂದವರು ಗಂಡ ಕಾಂತರಾಜುವಿನ ಸೋದರಮಾವ ವೀರಭದ್ರಸ್ವಾಮಿ. ಅತ್ತೆಯ ಒಡಹುಟ್ಟಿದವರು. ಎಚ್.ಡಿ. ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟಿನಲ್ಲಿ ಅವರಿಗೊಂದು ನಾಟಿ ಔಷಧಿಯ ಅಂಗಡಿ. ಕೀಲುನೋವು, ಸೊಂಟನೋವು, ಉಬ್ಬಸ, ಏನೇ ಇರಲಿ ಒಂದೇ ಬಗೆಯ ಕಂದು ಪುಡಿ. ಸುನಂದಮ್ಮನ ಸೊಂಟನೋವಿಗೂ ಅದೇ. ಬೆಳಗಾಗುವಷ್ಟರಲ್ಲಿ ಅಂಗಡಿಯ ಮುಂದೆ ಸಾಲು ನಿಂತಿರುತ್ತಿತ್ತು. ಸರಗೂರಿನ ಕಡೆಯಿಂದಲೂ ಜನ ಬರುತ್ತಿದ್ದರು. "ಕಾಡಿನ ಬೇರು ಮಗಳೇ, ಒಂದಿಷ್ಟು ಜೇನಲ್ಲಿ ಕಲಸ್ಕೊಂಡು ತಿನ್ನು" ಎಂದು ಅವರು ಕೊಟ್ಟ ಪುಡಿ ವಾರದೊಳಗೆ ಕೆಲಸ ಮಾಡಿತು. ಪದ್ಮಶ್ರೀ ಮೈದಾನದಲ್ಲಿ ಮತ್ತೆ ಓಡಿದಳು. ಹಬ್ಬಕ್ಕೆ ಹೋದಾಗ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ಮಾರನೆಯ ವರ್ಷ ಮೈ ಬರತೊಡಗಿತು. ಮೊದಲು ಮುಖ ದುಂಡಗಾಯಿತು. ಎಲ್ಲರೂ ಕಳೆ ಬಂತು ಎಂದರು. ಆಮೇಲೆ ಹೊಟ್ಟೆ, ಆಮೇಲೆ ಕತ್ತಿನ ಹಿಂದೆ ಒಂದು ದಿಂಡು. ಕೈಕಾಲು ಮಾತ್ರ ಸಣ್ಣಗೇ ಇದ್ದವು.

ಆಟಗಾರ್ತಿಯಾದ ಅವಳಿಗೆ ದೇಹದ ಲೆಕ್ಕ ಗೊತ್ತಿತ್ತು. ಫೋನಿನಲ್ಲಿ ಕ್ಯಾಲೊರಿ ಎಣಿಸುವ ಆ್ಯಪ್ ಹಾಕಿಕೊಂಡಳು. ಅದಕ್ಕೆ ಪಿಜ್ಜಾ ಗೊತ್ತಿತ್ತು, ಮುದ್ದೆ ಗೊತ್ತಿರಲಿಲ್ಲ. ಹುಣಸೂರಿನಿಂದ ಪುಟ್ಟ ತಕ್ಕಡಿಯೊಂದನ್ನು ತಂದು ರಾಗಿಹಿಟ್ಟು ತೂಗಿದಳು, ಎಣ್ಣೆಯನ್ನು ಚಮಚದಲ್ಲಿ ಅಳೆದಳು. ಕಾಫಿಗೆ ಸಕ್ಕರೆ ಬಿಟ್ಟಳು. ಊರಲ್ಲಿ ಯಾರೂ ಏಳುವ ಮೊದಲೇ ನಾಲೆಯ ಏರಿಯ ಮೇಲೆ ಓಡಿ ಬಂದು ಬಾಗಿಲಿಗೆ ನೀರು ಹಾಕುತ್ತಿದ್ದಳು. ಹಸಿವು ಹೊಟ್ಟೆ ಕಿವುಚುತ್ತಿತ್ತು. ನೀರು ಕುಡಿದು ಮಲಗುತ್ತಿದ್ದಳು.

"ಇದೇನೆ, ಚಿನ್ನ ತೂಗ್ದಂಗೆ ಇಟ್ಟು ತೂಗ್ತೀಯ" ಎಂದು ಕಾಂತರಾಜು ನಗುತ್ತಿದ್ದ. ಗೆಳೆಯರ ಮುಂದೆಯೂ ಹೇಳುತ್ತಿದ್ದ. "ನಮ್ಮನೆವ್ಳು ತಕ್ಕಡಿ ಇಟ್ಕಂಡು ಉಣ್ತಾಳೆ ಕಣ್ಲಾ. ತಕ್ಕಡಿಗೇ ಮೋಸ ಮಾಡ್ತಾಳೋ ಏನೋ."

ಶಾಲೆಯಲ್ಲಿ ಮಕ್ಕಳು ಬೆನ್ನ ಹಿಂದೆ ಕೆನ್ನೆ ಉಬ್ಬಿಸಿ ನಡೆಯುವುದನ್ನು ಅವಳು ಕಿಟಕಿಯ ಗಾಜಿನಲ್ಲಿ ಕಂಡಳು. ತಾಲ್ಲೂಕು ಕ್ರೀಡಾಕೂಟದ ಪಥಸಂಚಲನಕ್ಕೆ ಹೆಡ್‌ಮಾಸ್ಟರು ಗಣಿತದ ಮೇಷ್ಟರನ್ನು ಮುಂದೆ ನಿಲ್ಲಿಸಿದರು. "ನಿಮಗ್ಯಾಕೆ ಮೇಡಂ ತೊಂದರೆ, ನೆರಳಲ್ಲಿ ಕೂತ್ಕೊಳ್ಳಿ" ಎಂದರು, ಬಹಳ ಮರ್ಯಾದೆಯಿಂದ.

ಪಿರಿಯಾಪಟ್ಟಣದ ಡಾಕ್ಟರೊಬ್ಬರು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಸರಿಯಿದೆ ಎಂದರು. ಅವಳು ಫೋನ್ ತೆಗೆದು ತಿಂದದ್ದನ್ನೆಲ್ಲ ತೋರಿಸಲು ಹೋದಳು. ಅವರು ನೋಡಲೂ ಇಲ್ಲ.

"ನನ್ನ ಹತ್ರ ಸುಳ್ಳು ಹೇಳ್ಬೇಡಿ. ಗಾಳಿ ಕುಡಿದು ಯಾರಮ್ಮ ದಪ್ಪ ಆಗ್ತಾರೆ? ಬಾಯಿ ಕಟ್ಟಿ."

ಅಂದು ಬಸ್ಸಿನಲ್ಲಿ ಬರುವಾಗ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ನಿದ್ದೆಯಲ್ಲಿ ಎದ್ದು ಹೋಗಿ ತಿನ್ನುತ್ತೇನೇನೋ ಎಂದು ಗಂಡನನ್ನು ಕೇಳಿದಳು. ಅವನು ಅದಕ್ಕೂ ನಕ್ಕ. ಆ ನಗು ಅವಳೆದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು.

ಹುಣಸೂರಿನಲ್ಲಿ ಜಿಲ್ಲಾ ಮಟ್ಟದ ಕಬಡ್ಡಿ ನಡೆದಾಗ ಅವಳ ತಂಡದ ಹುಡುಗಿಯೊಬ್ಬಳು ಬಿದ್ದು ಗಲ್ಲ ಸೀಳಿಕೊಂಡಳು. ಪದ್ಮಶ್ರೀ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಓಡಿದಳು. ಅಲ್ಲಿದ್ದವಳು ನಂದಿತಾ ಎಂಬ ಎಳೆಯ ಡಾಕ್ಟರ್. ಹೊಲಿಗೆ ಹಾಕುತ್ತ ಹಾಕುತ್ತ ಅವಳು ಎರಡು ಮೂರು ಸಲ ಪದ್ಮಶ್ರೀಯ ಮುಖವನ್ನೇ ನೋಡಿದಳು. ಕೆಲಸ ಮುಗಿದ ಮೇಲೆ, "ಮೇಡಂ, ನೀವೂ ಒಂದು ನಿಮಿಷ ಕೂತ್ಕೊಳ್ಳಿ" ಎಂದಳು.

"ನನಗೇನೂ ಆಗಿಲ್ಲ."

"ಈ ನೀಲಿ ಗುರುತು ಹೇಗಾಯ್ತು?" ನಂದಿತಾ ಅವಳ ಮುಂಗೈ ಹಿಡಿದಿದ್ದಳು. ಪೆಟ್ಟಾದ ನೆನಪು ಪದ್ಮಶ್ರೀಗೆ ಇರಲಿಲ್ಲ. "ಹೊಟ್ಟೆ ಮೇಲೆ ನೇರಳೆ ಬಣ್ಣದ ಬರೆ ಎದ್ದಿದ್ಯಾ? ಯಾವ ಮಾತ್ರೆ ತಗೊಳ್ತೀರಿ?"

"ಯಾವುದೂ ಇಲ್ಲ."

"ನಾಟಿ ಔಷಧಿ? ಪುಡಿ, ಲೇಹ್ಯ?"

"ಮಂಡಿಗೆ ಒಂದು ಪುಡಿ. ಅದು ಬರೀ ಬೇರು. ನಮ್ಮ ಯಜಮಾನರ ಸೋದರಮಾವನೇ ಕೊಡೋದು."

ನಂದಿತಾ ಆ ಪುಡಿಯನ್ನು ತರಿಸಿಕೊಂಡು ರಕ್ತದ ಜೊತೆಗೆ ಮೈಸೂರಿನ ಲ್ಯಾಬಿಗೆ ಕಳಿಸಿದಳು. ಫಲಿತಾಂಶ ಬಂದ ದಿನ ಪದ್ಮಶ್ರೀ ಒಬ್ಬಳೇ ಹೋದಳು. ಡಾಕ್ಟರ್ ಬಿಡಿಸಿ ಹೇಳಿದಳು: ಪುಡಿಯಲ್ಲಿರುವುದು ಸ್ಟೀರಾಯ್ಡ್. ಮಾತ್ರೆ ಅರೆದು ಬೆರೆಸಿದ್ದಾರೆ. ನೋವು ತಕ್ಷಣ ಹೋಗುತ್ತದೆ. ದಿನಾ ತಿಂದರೆ ಮುಖ, ಹೊಟ್ಟೆ ಬೆಳೆಯುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ದೇಹ ತಾನೇ ತಯಾರಿಸಿಕೊಳ್ಳುವ ಅಂಥದೇ ರಸವೊಂದು ನಿಂತೇಹೋಗಿದೆ. ಆದ್ದರಿಂದ ತಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಬೇರೆ ಮಾತ್ರೆ ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

"ನೀವು ತಿಂದಿದ್ದು ನೀವು ಹೇಳಿದಷ್ಟೇ. ನಿಮ್ಮ ಲೆಕ್ಕ ತಪ್ಪಿಲ್ಲ" ಎಂದಳು ನಂದಿತಾ.

ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಬಿಟ್ಟ ಊಟಗಳೆಲ್ಲ ಒಟ್ಟಿಗೆ ನೆನಪಾದವು.

ಕಾಂತರಾಜು ಶುಂಠಿ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಅವಳು ಅಂಗಳದಲ್ಲೇ ನಿಂತು ಎಲ್ಲ ಹೇಳಿದಳು. ಅವನು ಬೆಚ್ಚಿಬೀಳುತ್ತಾನೆ, ಮಾವನನ್ನು ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ತಲೆ ಎತ್ತದೆ ಇನ್ನೊಂದು ಚೊಂಬು ನೀರು ಹುಯ್ದುಕೊಂಡ.

"ಅದ್ರಲ್ಲಿ ಒಸಿ ಇಂಗ್ಲಿಷ್ ಮಾತ್ರೆ ಸೇರುಸ್ತಾರೆ ಅಂತ ಮಾವ ಯಾವಾಗ್ಲೋ ಅಂದಿದ್ರು ಕಣೆ."

ಪದ್ಮಶ್ರೀಗೆ ತಾನು ಕೇಳಿದ್ದು ನಿಜವೇ ಎನ್ನಿಸಿತು. "ನಿನಗೆ ಗೊತ್ತಿತ್ತಾ?"

"ಎಲ್ಲಾರೂ ಆಕ್ತಾರೆ ಬುಡು. ಅದಿಲ್ದಿದ್ರೆ ನೋವು ಎಂಗ್ ಓಗುತ್ತೆ? ಅದ್ರಿಂದ ಮೈ ಬತ್ತದೆ ಅಂತ ನಂಗೇನ್ ಗೊತ್ತು?"

"ನನಗೆ ಹೇಳ್ಬೇಕು ಅನ್ನಿಸಲಿಲ್ವಾ?"

"ನೀನ್ ಓಡ್ತಿದ್ದೆ. ಖುಷಿಯಾಗಿದ್ದೆ. ಯಾಕ್ ಏಳ್ಬೇಕು ಅಂತ ಸುಮ್ಕಾದೆ."

"ನಾನು ಹಸ್ಕೊಂಡು ಮಲಗ್ತಿದ್ದೆ ಕಾಂತು. ನಿನ್ನ ಪಕ್ಕದಲ್ಲೇ. ನೀನು ತಿಂದು, ತೇಗಿ, ನಾನು ತಕ್ಕಡಿಗೆ ಮೋಸ ಮಾಡ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ."

"ತಮಾಸೆಗೆ ಅಂದಿದ್ದು."

"ನಗು ಈಗ" ಎಂದಳು. ಅವನು ನಗಲಿಲ್ಲ. ಅವಳು ಹಾಸಿಗೆಯನ್ನು ನಡುಮನೆಗೆ ಎಳೆದು ತಂದಳು. ಅಂದಿನಿಂದ ಅಲ್ಲೇ ಮಲಗಿದಳು.

ಮರುದಿನ ರಜೆ ಹಾಕಿ ಹ್ಯಾಂಡ್‌ಪೋಸ್ಟಿಗೆ ಹೋದಳು. ಅಂಗಡಿಯ ಮುಂದೆ ಎಂದಿನಂತೆ ಸಾಲು. ಹಣೆಗೆ ವಿಭೂತಿ ಬಳಿದುಕೊಂಡ ವೀರಭದ್ರಸ್ವಾಮಿ ದೊಡ್ಡ ಡಬ್ಬಿಯಿಂದ ಪುಡಿ ತೆಗೆದು ಪೊಟ್ಟಣ ಕಟ್ಟುತ್ತಿದ್ದರು.

"ಬಾ ಮಗಳೇ, ಬಿಸಿಲಲ್ಲಿ ಬಂದಿದ್ದೀಯ. ಕುಂತ್ಕೊ."

"ನಾನು ಕೂರೋಕೆ ಬಂದಿಲ್ಲ. ಇದರಲ್ಲಿ ಏನು ಹಾಕಿದ್ದೀರಿ ಅಂತ ಇವರಿಗೆಲ್ಲ ಹೇಳಿ."

ಅವರ ಕೈ ಒಂದು ಗಳಿಗೆ ನಿಂತಿತು, ಮತ್ತೆ ಪೊಟ್ಟಣ ಮಡಿಸಿತು. "ಮನೆ ಮಾತು ಮನೇಲಿ ಆಡಣ ಕಣವ್ವ."

ಪದ್ಮಶ್ರೀ ಸಾಲಿನ ಕಡೆ ತಿರುಗಿದಳು. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವ ಗಂಟಲು ಅವಳದು. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದಳು. ಕೈಯ ನೀಲಿ ಗುರುತು ತೋರಿಸಿದಳು. ಸಾಲಿನಲ್ಲಿ ತನ್ನಂಥದೇ ದುಂಡು ಮುಖಗಳು ಎಷ್ಟೊಂದಿವೆ ಎಂಬುದು ಅವಳಿಗೆ ಕಂಡದ್ದು ಆಗಲೇ. ಕೆಲವರು ನೆಲ ನೋಡಿದರು. ಯಾರೂ ಸಾಲು ಬಿಟ್ಟು ಕದಲಲಿಲ್ಲ.

ಮುಂದಿದ್ದ ಚಾಮುಂಡಮ್ಮ ಎಂಬ ಮುದುಕಿ ಕೋಲೂರಿಕೊಂಡು ಹತ್ತಿರ ಬಂದಳು. "ನೀನು ಸಂಬಳದೋಳು, ಡಾಕ್ಟ್ರು ತಾವ ಓಯ್ತೀಯ. ನಾನು ಬೆಳಗೆದ್ದು ದನ ಕಟ್ಬೇಕು, ಕಸ ಬಾಚ್ಬೇಕು. ಇದಿಲ್ದೆ ಮೇಲಕ್ಕೇ ಏಳಕಾಗಕಿಲ್ಲ. ನನ್ ಮಂಡಿಗೆ ನಿನ್ ತಾವ ಬೇರೆ ಏನಾರ ಐತಾ? ಇಲ್ಲ ತಾನೆ. ಅಂಗಾದ್ರೆ ಸರ್ಕೊ, ನನ್ ಬಸ್ಸು ಓಯ್ತದೆ."

ಪದ್ಮಶ್ರೀಗೆ ಸಿಟ್ಟು ತಡೆಯಲಾಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಯಂಚಿನ ಚರಂಡಿಗೆ ನಡೆದಳು. ಹಿಂದೆ ಗದ್ದಲವೆದ್ದಿತು. ಬೋರಲು ಹಾಕಬೇಕು, ಅಷ್ಟೇ. ಆದರೆ ತಟ್ಟನೆ ಬಿಟ್ಟರೆ ಪ್ರಾಣಕ್ಕೆ ಅಪಾಯ ಎಂದು ನಂದಿತಾ ಹೇಳಿದ್ದು ತಲೆಯಲ್ಲಿ ಗುದ್ದಿತು. ಈ ಮುದುಕಿ ನಾಳೆ ಕೊಟ್ಟಿಗೆಯಲ್ಲಿ ಕುಸಿದುಬಿದ್ದರೆ? ಇಷ್ಟು ಜನರನ್ನು ಈ ವಿಷಕ್ಕೆ ಕಟ್ಟಿಹಾಕಿದ್ದಾನಲ್ಲ ಈ ಮನುಷ್ಯ, ಚೆಲ್ಲುವುದಕ್ಕೂ ಬಿಡುತ್ತಿಲ್ಲವಲ್ಲ ಎಂದು ಹಲ್ಲು ಕಚ್ಚಿದಳು. ಕೈ ಸೋಲುವವರೆಗೂ ಡಬ್ಬಿ ಹಿಡಿದು ನಿಂತಿದ್ದು, ವಾಪಸ್ಸು ತಂದು ಮೇಜಿನ ಮೇಲೆ ಕುಕ್ಕಿದಳು.

"ತಟ್ಟನೆ ನಿಲ್ಲಿಸ್ಬೇಡಿ. ಆಸ್ಪತ್ರೆಗೆ ಹೋಗಿ, ಪುಡಿ ತೋರಿಸಿ, ಅವರು ಹೇಳ್ದಂಗೆ ಬಿಡಿ" ಎಂದು ಸಾಲಿಗೆ ಹೇಳಿದಳು. ವೀರಭದ್ರಸ್ವಾಮಿಯತ್ತ ತಿರುಗಿ, "ನಿಮ್ಮ ಕಾಲು ಮುಟ್ಟಿದ್ದೆ ನಾನು" ಎಂದಳು.

ಅವಳು ಅಲ್ಲಿಂದ ನೇರ ಮೈಸೂರಿಗೆ ಹೋಗಿ ಔಷಧ ಅಧಿಕಾರಿಗಳಿಗೆ ದೂರು ಕೊಟ್ಟಳು. ಕೆಲವು ವಾರಗಳಾದ ಮೇಲೆ ಅವರು ಬಂದು ಮಾದರಿ ತೆಗೆದುಕೊಂಡು ಅಂಗಡಿಗೆ ಬೀಗ ಜಡಿದರು. ಸಾಕ್ಷಿ ಹೇಳಲು ಸಾಲಿನಲ್ಲಿದ್ದವರಲ್ಲಿ ಒಬ್ಬರೂ ಬರಲಿಲ್ಲ. ಅವಳೊಬ್ಬಳೇ ಸಹಿ ಹಾಕಿದಳು. ನಂದಿತಾಳೊಂದಿಗೆ ಮಾತಾಡಿ, ಅಂಗಡಿಯಿದ್ದ ಬೀದಿಯ ಸಮುದಾಯ ಭವನದಲ್ಲಿ ಪುಡಿ ತಿಂದವರಿಗಾಗಿ ಒಂದು ತಪಾಸಣೆ ಏರ್ಪಡಿಸಿದಳು. ಬಂದವರು ಕಡಿಮೆ.

ಮನೆಯಲ್ಲಿ ಸುನಂದಮ್ಮ ಮಾತು ಬಿಟ್ಟರು. ತಮ್ಮನ ಅನ್ನ ಕಿತ್ತವಳು ಎಂದು ಅಡುಗೆಮನೆಗೆ ಕೇಳುವಂತೆ ಗೋಡೆಗೆ ಹೇಳುತ್ತಿದ್ದರು. ಕಾಂತರಾಜು ಒಂದು ದಿನ ನಡುಮನೆಯ ಹೊಸ್ತಿಲಲ್ಲಿ ನಿಂತು, "ತಪ್ಪಾಯ್ತು ಕಣೆ" ಎಂದ. "ಅದನ್ನ ನಿನ್ನ ಗೆಳೆಯರ ಮುಂದೆ ಹೇಳು" ಎಂದಳು. ಅವನು ಇನ್ನೂ ಹೇಳಿಲ್ಲ.

ಮಾತ್ರೆಯ ಪ್ರಮಾಣ ಇಳಿದಂತೆ ಮಂಡಿನೋವು ಮರಳಿತು. ಮೈಯೆಲ್ಲ ಸುಸ್ತು. ಆದರೂ ಕುರ್ಚಿ ಹಾಕಿಕೊಂಡು, ಪೀಪಿ ಊದಿ ಮಕ್ಕಳನ್ನು ಆಡಿಸಿದಳು. ಮುಖದ ಊತ ನಿಧಾನವಾಗಿ ತಗ್ಗತೊಡಗಿತು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಹುಣಸೂರಿನ ಕ್ಲಿನಿಕ್ಕಿಗೆ ಹೊರಟು ಆಟೋ ಹತ್ತಿ ಕೂತಿದ್ದಳು. ಡ್ರೈವರ್ ಇನ್ನೇನು ಹೊರಡಿಸಬೇಕು, ಸುನಂದಮ್ಮ ಒಗೆದ ಸೀರೆ ಉಟ್ಟು ಬಾಗಿಲಿಗೆ ಬಂದರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲನ್ನು ಒಂದೊಂದಾಗಿ ಇಳಿದರು. ತಮ್ಮ ಕೊಟ್ಟ ಪುಡಿಯನ್ನು ಅವರು ಸೊಸೆಗಿಂತ ಎಷ್ಟೋ ವರ್ಷ ಮೊದಲಿನಿಂದ ತಿನ್ನುತ್ತಿದ್ದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮನೆಯಲ್ಲಿ ಉಳಿದಿದ್ದ ಪುಡಿಯೂ ಈಗ ಮುಗಿಯುತ್ತ ಬಂದಿತ್ತು. ಅವರ ಕಣ್ಣಿನ ಕೆಳಗೆ ಊದಿತ್ತು.

ಹೊರಡು ಎಂದು ಡ್ರೈವರನಿಗೆ ಹೇಳುವ ಮಾತು ಪದ್ಮಶ್ರೀಯ ನಾಲಿಗೆ ತುದಿಗೆ ಬಂದಿತ್ತು. ಕೈ ಚಾಚಿ ಹತ್ತಿಸಿಕೊಳ್ಳುವ ಮನಸ್ಸೂ ಬರಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದಳು. ಅತ್ತೆ ಕಂಬಿ ಹಿಡಿದು ತಾವೇ ಹತ್ತಿ, ಏದುಸಿರು ಬಿಡುತ್ತ ಕೂತರು.

ತಂಬಾಕು ಬೇಯಿಸುವ ಬ್ಯಾರನ್ ಗೂಡುಗಳನ್ನು ದಾಟಿ ಆಟೋ ದೊಡ್ಡ ರಸ್ತೆಗೆ ಬಂತು.

"ಆ ಡಾಕ್ಟ್ರಮ್ಮ ಬೈತಾಳಾ?" ಎಂದು ಸುನಂದಮ್ಮ ಕೇಳಿದರು, ಹೊರಗೆ ನೋಡುತ್ತ.

"ಇಲ್ಲ" ಎಂದಳು ಪದ್ಮಶ್ರೀ. "ನೀವು ಹೇಳಿದ್ದನ್ನ ನಂಬ್ತಾಳೆ."