ಗಾಡಿ ಎಲ್ಲಿದೆ ಎಂದು ಹೇಳುವ ಡಬ್ಬಿ

ಆ ಡಬ್ಬಿಯ ಸಲುವಾಗಿ ಬೆಳ್ಳಂಬೆಳಿಗ್ಗೆ ನಾನು ಮಾಂತುವಿನ ಕಪಾಳಕ್ಕೆ ಬಾರಿಸಿದೆ. ಒಡಹುಟ್ಟಿದ ತಮ್ಮನಾದರೇನು, ಎದುರುತ್ತರ ಕೊಟ್ಟರೆ ನನ್ನ ಕೈ ಸುಮ್ಮನಿರುವುದಿಲ್ಲ. ಅವನೂ ನನ್ನ ತಮ್ಮನೇ ತಾನೆ, ಚಹಾದ ಗ್ಲಾಸನ್ನು ಗೋಡೆಗೆ ಬೀಸಿ ಒಗೆದ. ಅವ್ವ ಇಬ್ಬರಿಗೂ ಸೇರಿಸಿ ಬೈದು, ಚೂರುಗಳನ್ನು ಗುಡಿಸತೊಡಗಿದಳು.

ಡಬ್ಬಿ ಎಂದರೆ ಜಿಪಿಎಸ್. ನನ್ನ ಗಂಡ ಮಲಕಪ್ಪ ನಾವಿರುವ ವಾಕಡದಲ್ಲೇ ಬಿಲ್ಡಿಂಗಿನ ಸ್ಲ್ಯಾಬಿನಿಂದ ಬಿದ್ದು ಸತ್ತ ಮೇಲೆ, ಬಂದ ದುಡ್ಡಿನಲ್ಲಿ ನಾನೊಂದು ಸುಮೊ ಕೊಂಡು ಬಾಡಿಗೆಗೆ ಬಿಟ್ಟಿದ್ದೆ. ಓಡಿಸುವವನು ಮಾಂತು. ನಮ್ಮ ಸ್ಟ್ಯಾಂಡಿನ ಒಬ್ಬನ ಗಾಡಿ ಕಳುವಾದ ವಾರವೇ ಕಂಪನಿಯವರು ಬಂದು, ಮೊದಲ ವರ್ಷ ಪುಕ್ಕಟೆ ಎಂದು ಡಬ್ಬಿ ಕೂರಿಸಿ ಹೋದರು. ಗಾಡಿ ಎಲ್ಲಿದೆ ಎಂದು ಅವರ ಆಫೀಸಿನ ಕಂಪ್ಯೂಟರಿನಲ್ಲಿ ಕಾಣುತ್ತದೆ. ಬೇಕೆಂದರೆ ಅಲ್ಲಿಂದಲೇ ಎಂಜಿನ್ ಬಂದ್ ಮಾಡುತ್ತಾರೆ. ಆಪತ್ತು ಬಂದರೆ ಒತ್ತಲಿಕ್ಕೆ ಕೀಲಿಯ ಪಕ್ಕ ಒಂದು ಬಟನ್. ಈಗ ವರ್ಷ ಮುಗಿಯುತ್ತ ಬಂದಿತ್ತು. ಮುಂದಿನ ವರ್ಷಕ್ಕೆ ಅವರು ಕೇಳುತ್ತಿದ್ದ ದುಡ್ಡಿಗೆ ಎರಡು ಹೊಸ ಟೈರು ಬರುತ್ತಿದ್ದವು.

“ಟೈರ್ ಹಾಕ್ಸೋಣು ಅಕ್ಕಾ,” ಅಂದಿದ್ದ ಮಾಂತು. “ಆ ಡಬ್ಬಿಗಿ ಗಾಡಿ ಎಲ್ಲದ ಅಂತ ಗೊತ್ತಾಗ್ತದ. ನಾ ಎಲ್ಲದೀನಿ ಅಂತ ಗೊತ್ತಾಗಂಗಿಲ್ಲ.”

“ಗಾಡಿ ಇದ್ದಲ್ಲೇ ನೀ ಇರಬೇಕು. ಇಲ್ಲಂದ್ರ ಎಲ್ಲಿರ್ತಿ, ಬಾರಿನ್ಯಾಗ?”

“ನಂಬಿಕಿ ಇಲ್ಲಂದ್ರ ಬ್ಯಾರೆ ಡ್ರೈವರನ್ನ ನೋಡ್ಕೊ. ಗಂಡನ್ನ ತಿಂದು ಗಾಡಿ ತಗೊಂಡಾಕಿ ನೀ. ನಿನಗ ಗಾಡಿನೇ ಹೆಚ್ಚು.”

ಕೈ ಎತ್ತಿದ್ದು ಆಗ. ಆ ಮಾತಿಗೆ ಯಾರಾದರೂ ಎತ್ತುತ್ತಾರೆ. ಮಾಂತು ಕೆನ್ನೆ ಸವರಿಕೊಳ್ಳುತ್ತ, ಬುತ್ತಿಯನ್ನೂ ಮುಟ್ಟದೆ ಹೊರಟುಹೋದ. ಅವತ್ತು ಖಂಡೋಬಾನ ಜೇಜುರಿಗೆ ಹೋಗಿ ಬರಲು ಮೂವರು ಗಂಡಸರು ಗಾಡಿ ಹೇಳಿದ್ದರು.

ಆ ಬಟನ್ನಿನ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಕೂರಿಸಲು ಡ್ಯಾಶ್‌ಬೋರ್ಡಿಗೆ ತೂತು ಕೊರೆದಾಗ ಅವ್ವನಿಗೆ ಸಂಕಟವಾಗಿತ್ತು. ಪೂಜೆ ಮಾಡಿದ ಗಾಡಿಗೆ ತೂತೇ ಎಂದು, ಜೇಜುರಿಯಿಂದ ತಂದಿದ್ದ ಖಂಡೋಬಾನ ಸ್ಟಿಕ್ಕರನ್ನು ಸರಿಯಾಗಿ ಅದರ ಮೇಲೆಯೇ ಅಂಟಿಸಿಬಿಟ್ಟಳು. ಅಂಟಿಸಿ, ದೇವರನ್ನು ಒತ್ತಿ ಮುಟ್ಟಿ, ಬೆರಳನ್ನು ಕಣ್ಣಿಗೆ ತಂದುಕೊಂಡಿದ್ದೇ ತಡ, ಕಂಪನಿಯ ಇಂದೂ ಎಂಬ ಹುಡುಗಿ ನನ್ನ ಮೊಬೈಲಿಗೆ ಫೋನ್ ಮಾಡಿ ಏನಾಯಿತೆಂದು ಗಾಬರಿಯಿಂದ ಕೇಳಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅಂದಿನಿಂದ ಮಾಂತು ಸ್ಟೇರಿಂಗ್ ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಅವ್ವ ದೂರದಿಂದಲೇ ಕೈ ಮುಗಿಯುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಇಂದೂ ಫೋನ್ ಮಾಡಿದಳು. ಅವಳದು ಯಾವಾಗಲೂ ಮರಾಠಿ.

“ಮ್ಯಾಡಮ್, ನಿಮ್ಮ ಗಾಡಿಯಿಂದ ಬಟನ್ ಒತ್ತಿದ್ದಾರೆ. ಗಾಡಿ ದಿವೇಘಾಟಿನಲ್ಲಿದೆ. ಇವತ್ತೂ ದೇವರೇ ಏನು?”

ಮಾಂತುವಿಗೆ ಫೋನ್ ಹಚ್ಚಿದೆ. ಬಂದ್ ಇತ್ತು. ನನ್ನ ತಮ್ಮ ಹಗಲಿನಲ್ಲಿ ಫೋನ್ ಬಂದ್ ಇಡುವವನಲ್ಲ. ತಟ್ಟೆ ಸರಿಸಿ ಎದ್ದು ಇಂದೂಗೆ ಮತ್ತೆ ಫೋನ್ ಹಚ್ಚಿದೆ.

“ಎಂಜಿನ್ ಬಂದ್ ಮಾಡಲೇ?” ಎಂದು ಇಂದೂ ಕೇಳಿದಳು.

ಬೇಡವೆಂದು ಕಿರುಚಿದೆ. ತಮ್ಮ ಒಳಗಿದ್ದಾನೆ, ಗಾಡಿ ನಿಂತರೆ ಅವನದೇ ಕಿತಾಪತಿ ಎಂದು ತಿಳಿದು ಅಲ್ಲೇ ಕೊಯ್ದು ಹಾಕುತ್ತಾರೆ ಎಂದೆ. ಗಾಡಿಯನ್ನು ನೋಡುತ್ತಿರು, ಕಣ್ಣು ತೆಗೆಯಬೇಡ ಎಂದೆ. ಬರಿಗಾಲಲ್ಲಿ ರಿಕ್ಷಾ ಹತ್ತಿ ಪೊಲೀಸ್ ಠಾಣೆಗೆ ಹೋಗಿ, ಫೌಜದಾರನ ಮೇಜು ಗುದ್ದಿ ಗುದ್ದಿ ಅವನನ್ನು ಕುರ್ಚಿಯಿಂದ ಎಬ್ಬಿಸಿದೆ.

ಇದ್ದದ್ದು ಒಂದೇ ಜೀಪು. ಘಾಟಿಗೆ ಹೋಗುವುದೋ ಗಾಡಿಯ ಬೆನ್ನು ಹತ್ತುವುದೋ ಎಂದು ಫೌಜದಾರ ಯೋಚಿಸುತ್ತಿದ್ದಾಗ ಎರಡನೆಯ ಫೋನು ಬಂತು. ಗಾಡಿ ಹಡಪಸರದಿಂದ ಸೋಲಾಪುರ ರಸ್ತೆಗೆ ತಿರುಗಿ ಲೋಣಿಯ ಪೆಟ್ರೋಲ್ ಪಂಪಿನಲ್ಲಿ ನಿಂತಿತ್ತು. ಹೊರಡುವಾಗ ಬಟನ್ ಮತ್ತೆ ಒತ್ತಿದ್ದಾರೆ ಎಂದಳು ಇಂದೂ. ನನಗೆ ಅಳು ಬಂತು, ಸಂತೋಷಕ್ಕೆ. ಒತ್ತುತ್ತಿದ್ದಾನೆ ಎಂದರೆ ಬದುಕಿದ್ದಾನೆ. ಕೈ ಕಟ್ಟಿಲ್ಲ, ಪ್ರಜ್ಞೆ ಇದೆ, ಕಳ್ಳರ ಕಣ್ಣು ತಪ್ಪಿಸಿ ನನ್ನನ್ನು ಕರೆಯುತ್ತಿದ್ದಾನೆ. ಫೌಜದಾರನೂ ಹೌದೆಂದ. ಜೀಪು ಸೋಲಾಪುರ ರಸ್ತೆ ಹಿಡಿಯಿತು.

ದಾರಿಯುದ್ದಕ್ಕೂ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದೆ. ಯವತ ದಾಟುವ ಮುಂಚೆ ಗಾಡಿ ನಿಂತು ಹೊರಟಿತು, ಇನ್ನೊಂದು ಸಲ ಒತ್ತಿದ ಎಂದು ಇಂದೂ ಹೇಳಿದಾಗ, ‘ಶಾಣ್ಯಾ ಅದಾನ ನನ್ನ ತಮ್ಮ’ ಎಂದು ಪಕ್ಕದ ಪೇದೆಗೆ ಕನ್ನಡದಲ್ಲೇ ಹೇಳಿದೆ. ಅವನಿಗೆ ತಿಳಿಯಲಿಲ್ಲ. ಈ ಡಬ್ಬಿಗೆ ಒಂದು ವರ್ಷದ್ದಲ್ಲ, ಹತ್ತು ವರ್ಷದ ದುಡ್ಡು ಕಟ್ಟುತ್ತೇನೆ ಎಂದು ಮನಸ್ಸಿನಲ್ಲೇ ಖಂಡೋಬಾನಿಗೆ ಹರಕೆ ಹೊತ್ತೆ.

ಗಾಡಿ ಒಂದು ಢಾಬಾದ ಹಿಂದೆ ಸಿಕ್ಕಿತು. ಬಾಡಿಗೆ ಹೇಳಿದ್ದ ಮೂವರೂ ಹಣೆ ತುಂಬ ಹಳದಿ ಭಂಡಾರ ಬಳಿದುಕೊಂಡು ಮಟನ್ ತಿನ್ನುತ್ತಿದ್ದರು. ಒಬ್ಬ ಚಾಕು ತೆಗೆದು ಪೇದೆಯ ಮುಂಗೈಯನ್ನು ಉದ್ದಕ್ಕೆ ಸೀಳಿದ. ಉಳಿದ ಪೇದೆಗಳು ಅವನನ್ನು ಕೆಡವಿ, ಬಾಯಿಂದ ರಕ್ತ ಬರುವ ತನಕ ಬೂಟಿನಲ್ಲಿ ತುಳಿದರು. ನಾನು ಅದ್ಯಾವುದನ್ನೂ ನಿಂತು ನೋಡಲಿಲ್ಲ. ಓಡಿಹೋಗಿ ಗಾಡಿಯ ಹಿಂದಿನ ಬಾಗಿಲು ತೆಗೆದೆ.

ಸೀಟಿನ ತುಂಬ ರಕ್ತ. ಅದರ ಮೇಲೆ ಜೇಜುರಿಯ ಹಳದಿ ಪುಡಿ ಚೆಲ್ಲಿ ಕೆಸರಾಗಿತ್ತು. ಕೆಳಗೆ ಮಾಂತುವಿನ ಒಂದು ಚಪ್ಪಲಿ ಬಿದ್ದಿತ್ತು. ಮಾಂತು ಇರಲಿಲ್ಲ.

ಚಕ್ರ ಬಿಚ್ಚುವ ಪಾನಾ ಅಲ್ಲೇ ಇತ್ತು, ಅದಕ್ಕೂ ರಕ್ತ ಮೆತ್ತಿತ್ತು. ಎತ್ತಿಕೊಂಡು ಬಂದು, ಗಾಡಿಯ ಕೀಲಿ ಯಾರ ಜೇಬಿನಲ್ಲಿತ್ತೋ ಅವನ ಮೊಣಕಾಲಿಗೆ ಹೊಡೆದೆ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು, ಹಿತವೆನಿಸಿತು. ಫೌಜದಾರ ಬೇರೆ ಕಡೆ ತಿರುಗಿ ನಿಂತ.

“ನನ್ನ ತಮ್ಮ ಎಲ್ಲಿ?”

“ಘಾಟಿನಲ್ಲಿ,” ಎಂದ ಅವನು ಚೀರುತ್ತ. ಹಿಂದಿನಿಂದ ಟವೆಲ್ ಹಾಕಿ ಕುತ್ತಿಗೆ ಬಿಗಿದಿದ್ದರು. ಮಾಂತು ಒದ್ದಾಡಿ ಒಬ್ಬನ ಬೆರಳು ಕಚ್ಚಿದ. ಪಾನಾದಿಂದ ತಲೆಗೆ ಹೊಡೆದರು, ಮತ್ತೆ ಹೊಡೆದರು, ರಸ್ತೆಯಂಚಿನ ಕಟ್ಟೆಯ ಆಚೆ ಎತ್ತಿ ಒಗೆದರು. ಅಲ್ಲಿಂದ ಮುಂದೆ ಗಾಡಿ ಓಡಿಸಿದವನು ಇವನು.

“ಸುಳ್ಳ ಹೇಳಬ್ಯಾಡ,” ಎಂದು ಮತ್ತೆ ಪಾನಾ ಎತ್ತಿದೆ. ಆಮೇಲೆ ಅವನಿಗೆ ತಿಳಿಯುವಂತೆ ಮರಾಠಿಯಲ್ಲಿ ಕೇಳಿದೆ. “ಹಾಗಾದರೆ ಬಟನ್ ಒತ್ತಿದ್ದು ಯಾರು?”

“ಯಾವ ಬಟನ್?” ಅವನಿಗೆ ನಿಜವಾಗಿಯೂ ಏನೂ ಗೊತ್ತಿಲ್ಲವೆಂದು ಮುಖವೇ ಹೇಳುತ್ತಿತ್ತು. “ನಾನೇನೂ ಒತ್ತಲಿಲ್ಲ ತಾಯಿ. ದೇವರನ್ನು ಮುಟ್ಟಿದೆ ಅಷ್ಟೇ. ನಾನೂ ಡ್ರೈವರ್ ಇದ್ದವನು. ದೇವರನ್ನು ಮುಟ್ಟದೆ ಕೀಲಿ ತಿರುಗಿಸುವುದಿಲ್ಲ.”

ಪಾನಾ ನನ್ನ ಕೈಯಿಂದ ಜಾರಿ ಬಿತ್ತು. ಘಾಟಿನಲ್ಲಿ ಒಂದು ಸಲ, ಪಂಪಿನಲ್ಲಿ ಒಂದು ಸಲ, ಯವತದ ಹತ್ತಿರ ಒಂದು ಸಲ. ಗಾಡಿ ಚಾಲೂ ಮಾಡುವಾಗಲೆಲ್ಲ ಈ ಹರಾಮಖೋರ ಭಕ್ತಿಯಿಂದ ಒತ್ತಿದ್ದಾನೆ, ನಾನು ಇವನ ಬೆರಳನ್ನು ನನ್ನ ತಮ್ಮನ ಬೆರಳೆಂದು ತಿಳಿದು ದೇವರಿಗೆ ಹರಕೆ ಹೊತ್ತಿದ್ದೇನೆ.

ಘಾಟಿಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಮಾಂತು ಬಿದ್ದ ಜಾಗದಲ್ಲಿರಲಿಲ್ಲ. ಅಲ್ಲಿಂದ ಮೇಲಕ್ಕೆ ತೆವಳಿದ ಗುರುತಿತ್ತು, ಕಲ್ಲಿಗೆಲ್ಲ ರಕ್ತ ಹತ್ತಿತ್ತು. ರಸ್ತೆಯ ಕಟ್ಟೆಗೆ ಒಂದು ಮಾರು ಕೆಳಗೆ ಬೋರಲು ಬಿದ್ದಿದ್ದ. ಉಗುರುಗಳಲ್ಲಿ ಮಣ್ಣು ತುಂಬಿತ್ತು. ಮೈ ಇನ್ನೂ ಬೆಚ್ಚಗಿತ್ತು. ಬೇಗ ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದಾಗ ಅವರ ಕಪಾಳಕ್ಕೂ ಬಾರಿಸಬೇಕೆನಿಸಿತು. ಆದರೆ ಕೈ ಏಳಲಿಲ್ಲ. ಈ ಕೈ ಜೀವಂತ ಮಾಂತುವನ್ನು ಕೊನೆಗೆ ಮುಟ್ಟಿದ್ದು ಹೊಡೆಯಲಿಕ್ಕೆ ಎಂಬುದು ಅಲ್ಲಿ, ಆ ಆಸ್ಪತ್ರೆಯ ಬಾಗಿಲಲ್ಲಿ ನೆನಪಾಯಿತು.

ಕೋರ್ಟಿನಿಂದ ಗಾಡಿ ಬಿಡಿಸಿಕೊಂಡು ಬಂದ ದಿನ ಕಂಪನಿಯ ಸಾಹೇಬರೊಬ್ಬರು ಫೋನ್ ಮಾಡಿದರು. ಸಂತಾಪ ಹೇಳಿದ ಮೇಲೆ, ಗಾಡಿ ಮಾತ್ರ ಒಂದು ಗೀರೂ ಇಲ್ಲದೆ ಸಿಕ್ಕಿತಲ್ಲ ಎಂದರು. ವರ್ಷ ನಾಳೆಗೆ ಮುಗಿಯುತ್ತದೆ, ಮುಂದುವರಿಸುವಿರಾ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಗಾಡಿ ಮಾರಿದರೆ ನಾವು ತಿನ್ನುವುದೇನು, ಇನ್ನೊಬ್ಬ ಡ್ರೈವರನ ಕೈಗೆ ಕೊಡಲೇಬೇಕು, ಡಬ್ಬಿ ಇರಲಿ ಎಂದು ಅರ್ಧ ಮನಸ್ಸಿತ್ತು. ಸಂಜೆಗೆ ಹೇಳುತ್ತೇನೆ ಎಂದೆ.

ಸೀಟು ತೊಳೆಯಲು ಬಕೆಟ್ಟಿಗೆ ನೀರು ತುಂಬುತ್ತಿದ್ದೆ. ಸೊಂಟದಲ್ಲಿದ್ದ ಮೊಬೈಲು ಬಡಿದುಕೊಂಡಿತು.

“ಮ್ಯಾಡಮ್,” ಎಂದಳು ಇಂದೂ, ಸಣ್ಣ ದನಿಯಲ್ಲಿ. “ಬಟನ್ ಒತ್ತಿದ್ದಾರೆ.”

ಎಲ್ಲ ಗೊತ್ತಿದ್ದೂ, ಮಾಂತುವೇ ಎಂದುಕೊಂಡೆ. ಬಕೆಟ್ ಬಿಟ್ಟು ಓಡಿದೆ. ಅವ್ವ ಡ್ರೈವರ್ ಸೀಟಿನಲ್ಲಿ ಮುದುಡಿ ಕೂತಿದ್ದಳು. ದೂರದಿಂದ ಕೈ ಮುಗಿಯಬೇಕೆಂಬುದು ಅವಳಿಗೆ ಮರೆತುಹೋಗಿತ್ತು. ಖಂಡೋಬಾನ ಮೇಲೆ ಹೆಬ್ಬೆರಳು ಊರಿ, “ನನ್ನ ಮಗನ್ನ ಎಲ್ಲಿಟ್ಟಿ?” ಎಂದು ಕೇಳುತ್ತಿದ್ದಳು.

“ಇಂದೂ, ಯಾರು ಒತ್ತಿದರೆಂದು ನಿಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆಯೇ?”

“ಇಲ್ಲ ಮ್ಯಾಡಮ್. ಗಾಡಿ ವಾಕಡದಲ್ಲಿದೆ ಅಂತ ಮಾತ್ರ ಕಾಣುತ್ತದೆ.”

“ಹಾಗಾದರೆ ಬೇಡ. ನಾಳೆ ಬಂದು ಬಿಚ್ಚಿಕೊಂಡು ಹೋಗಲು ಹೇಳು,” ಎಂದು ಫೋನ್ ಇಟ್ಟೆ.

ಅವ್ವ ದೇವರ ಮೇಲಿಂದ ಬೆರಳು ತೆಗೆದು ಕಣ್ಣಿಗೆ ಒತ್ತಿಕೊಂಡಳು, ಮತ್ತೆ ಮುಟ್ಟಿದಳು. ನನ್ನ ಕೈಯಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು.